ಕಂಡದ್ದು ಒಂದು ಪುಟ, ಕೇಳಿದ್ದು ಇನ್ನೊಂದು ಪುಟ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ ಯಾವ ವಿಷಯ ಮಾತಾಡುತ್ತೀರಿ ಎಂದು ಕೇಳಿದಾಗ ನಾನು "ತೋಳ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಆಗಲಿ ಸರ್, ಮಕ್ಕಳಿಗೆ ತಿಳಿಯುವ ಹಾಗೆ ಹೇಳ್ರಿ" ಅಂದರು. ನನಗೆ ಗೊತ್ತಿರುವ ವಿಷಯ ಇದೊಂದೇ. ಬಿ.ಎಸ್ಸಿ. ಮುಗಿಸಿದ ಮೇಲೆ ವನ್ಯಜೀವಿ ಅಧ್ಯಯನ ಮಾಡುವ ತಂಡಗಳ ಜೊತೆ ಕ್ಷೇತ್ರ ಸಹಾಯಕನಾಗಿ ತಿರುಗಿದೆ. ತೋಳದ ಹೆಜ್ಜೆ ಅಳೆಯುವುದು, ಲದ್ದಿ ಆರಿಸಿ ಚೀಲಕ್ಕೆ ಹಾಕುವುದು, ರಾತ್ರಿ ಗುಡ್ಡದ ಮೇಲೆ ಕುಳಿತು ಅದರ ಊಳು ಕೇಳುವುದು ಇದೇ ನನ್ನ ಉದ್ಯೋಗವಾಯಿತು. ನಾನು ದೊಡ್ಡ ವಿಜ್ಞಾನಿಯಲ್ಲ. ಆದರೆ ವಿಜ್ಞಾನಿಗಳು ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದವನು. ಆ ಕೆಲಸದ ಮೊದಲ ಪಾಠ ನನಗೆ ಆದದ್ದು ಈ ಶಾಲೆಯಲ್ಲಿ. ಆ ಪಾಠಕ್ಕೆ ಬಿದ್ದ ಬೆಲೆಯನ್ನು ನಾನು ಈ ಊರಿನಲ್ಲಿ ಇದುವರೆಗೆ ಹೇಳಿಲ್ಲ. ಇವತ್ತು ಹೇಳುತ್ತೇನೆ.

1987ರ ಜನವರಿ. ನಾನಾಗ ಒಂಬತ್ತನೇ ತರಗತಿ. ಭಾನುವಾರ ಅಪ್ಪನ ಕುರಿ ಕಾಯುವುದು ನನ್ನ ಪಾಳಿ. ಗಾಯರಾಣದ ಆಚೆ ಹಳ್ಳ ತಿರುಗುವ ಜಾಗದಲ್ಲಿ, ದಂಡೆಯ ಮಣ್ಣಿನಲ್ಲಿ ಒಂದು ಗವಿ ಕಂಡೆ. ಗವಿಯ ಮುಂದೆ ತೋಳದ ನಾಲ್ಕು ಮರಿ ಆಡುತ್ತಿದ್ದವು. ನಾನು ಎದುರು ದಂಡೆಯ ಮೇಲೆ ಬಾರಿಗಿಡದ ಹಿಂದೆ ಕುಳಿತು ನೋಡಿದೆ. ಮೂರು ಭಾನುವಾರ ಹಾಗೇ ಕುಳಿತೆ. ಯಾರಿಗೂ ಹೇಳಲಿಲ್ಲ.

ನಾಲ್ಕನೇ ವಾರ ನಮ್ಮ ಕಾಕಾನ ಹಟ್ಟಿಯಲ್ಲಿ ಒಂದೇ ರಾತ್ರಿ 11 ಕುರಿಮರಿ ಸತ್ತವು. ವರ್ಷದ ದುಡಿಮೆ ಅದು. ಕಾಕಾ ತಲೆ ಮೇಲೆ ಕೈಹೊತ್ತು ಕುಳಿತಿದ್ದ. ಊರಿನವರೆಲ್ಲ ತೋಳ ಬಂತು ಎಂದರು. ಯಾರೋ ನನ್ನ ಕಡೆ ತಿರುಗಿ, "ನೀ ಕುರಿ ಬಿಟಗೊಂಡು ಹಳ್ಳದ ಕಡೆ ಹೋಗ್ತಿ, ಗವಿ ಎಲ್ಲೈತಿ ನಿನಗ ಗೊತ್ತೈತೇನು?" ಅಂದರು. ನಾನು, "ಗೊತ್ತೈತಿ" ಅಂದೆ. ದೊಡ್ಡವರು ನನ್ನನ್ನು ಕೇಳಿದರಲ್ಲ ಎಂಬ ಹೆಮ್ಮೆಯೂ ಇತ್ತು. ಕೈಮಾಡಿ ತೋರಿಸಿದೆ.

ಸೊಪ್ಪೆ, ಒಣಮೆಣಸಿನಕಾಯಿ ಹಾಕಿ ಗವಿಗೆ ಹೊಗೆ ಕೊಟ್ಟರು. ಮರಿಗಳು ಒಂದೊಂದೇ ಹೊರಗೆ ಬಂದವು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅವತ್ತು ಆ ಗಾದೆಯನ್ನು ಕಣ್ಣಾರೆ ಕಂಡೆ. ನನ್ನ ಕೈಯಲ್ಲೂ ಒಂದು ಕಲ್ಲಿತ್ತು. ಅದನ್ನು ಎಸೆದೆನೋ ಇಲ್ಲವೋ ಎಂದು ಬಹಳ ವರ್ಷ ನನಗೆ ನಾನೇ ಬೇರೆ ಬೇರೆ ಉತ್ತರ ಹೇಳಿಕೊಂಡಿದ್ದೇನೆ. ಎಸೆದೆ.

ಮರುದಿನ ನಮ್ಮ ವಿಜ್ಞಾನದ ಮಾಸ್ತರ್ರಿಗೆ ಸುದ್ದಿ ಮುಟ್ಟಿತು. ಅವರು ಬೈಯಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಕಾಕಾನ ಹಟ್ಟಿಗೆ ಹೋದರು. "ಕೊಂದದ್ದು ಯಾವುದು ಅಂತ ಹೆಂಗ ಗೊತ್ತಾತು?" ಎಂದು ಕೇಳಿದರು. ಎಲ್ಲರೂ ಅಂದರು ಸರ್ ಅಂದೆ. ಇನ್ನೂ ಹೂಳದೆ ಬಿಟ್ಟಿದ್ದ ಎರಡು ಮರಿಗಳನ್ನು ಹೊರಳಿಸಿ ತೋರಿಸಿದರು. ಹಿಂಗಾಲು, ಬಾಲದ ಬುಡ, ಹೊಟ್ಟೆ ಎಲ್ಲೆಂದರಲ್ಲಿ ಕಚ್ಚಿದ ಗಾಯ. ಒಂದನ್ನೂ ಹೊತ್ತೊಯ್ದಿರಲಿಲ್ಲ, ತಿಂದಿರಲಿಲ್ಲ. ಹಟ್ಟಿಯ ಸುತ್ತ ಹಸಿ ಮಣ್ಣಿನಲ್ಲಿ ಅಡ್ಡಾದಿಡ್ಡಿ ಹೆಜ್ಜೆಗಳು. ಅವು ಹಟ್ಟಿಯಿಂದ ಹೊರಟು ಊರ ಹೊರಗೆ ಸತ್ತ ದನ ಒಗೆಯುವ ಜಾಗಕ್ಕೆ ಹೋಗಿದ್ದವು. ಅಲ್ಲಿ ಏಳೆಂಟು ನಾಯಿಗಳು ಮಲಗಿದ್ದವು.

ಮಾಸ್ತರ್ರು ಏನೂ ತೀರ್ಪು ಹೇಳಲಿಲ್ಲ. ಶಾಲೆಗೆ ವಾಪಸು ಬಂದು ಒಂದು ನೂರು ಪುಟದ ನೋಟುಬುಕ್ಕು ಕೊಟ್ಟರು. "ತಮ್ಮಾ, ಮೂರು ವಾರ ಏನ್ ನೋಡಿದಿ, ಎಲ್ಲಾ ಬರಿ. ಕಂಡದ್ದು ಒಂದು ಪುಟದಾಗ ಬರಿ. ಕೇಳಿದ್ದು ಇನ್ನೊಂದು ಪುಟದಾಗ ಬರಿ. ಎರಡೂ ಕೂಡಿಸಬ್ಯಾಡ" ಅಂದರು.

ಆ ನೋಟುಬುಕ್ಕು ಇದೇ ನೋಡಿ. ಮೊದಲ ಪುಟದಲ್ಲಿ ನನ್ನ ಅಕ್ಷರ ಹೀಗಿದೆ: "ತೋಳಗಳ ರಾಜ ಬಂದ. ಮರಿಗಳು ರಾಜನ ಬಾಯಿ ನೆಕ್ಕಿದವು. ರಾಜ ಮಾಂಸ ಕಕ್ಕಿದ. ಮರಿಗಳು ತಿಂದವು. ರಾಣಿ ದೂರ ಕುಳಿತಿದ್ದಳು. ಒಂದು ಸಣ್ಣ ತೋಳ, ಸೇವಕ, ಮರಿಗಳನ್ನು ಕಾಯುತ್ತಿತ್ತು." ರಾಜ ಎಂಬ ಪದದ ಕೆಳಗೆ ಮಾಸ್ತರ್ರು ಕೆಂಪು ಗೆರೆ ಎಳೆದು, "ರಾಜ ಅಂತ ಕಂಡಿಯೋ, ಕೇಳಿದಿಯೋ?" ಎಂದು ಬರೆದಿದ್ದಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಅದನ್ನು ಹೇಳಬೇಕೆಂದರೆ ಸ್ವಲ್ಪ ದೂರ ಹೋಗಿ ಬರಬೇಕು.

ಅಮೆರಿಕದ ಉತ್ತರದ ತುದಿಯಲ್ಲಿ ಅಲಾಸ್ಕ ಎಂಬ ಹಿಮದ ನಾಡಿದೆ. ಅಲ್ಲಿ, ಆಗ ಮೌಂಟ್ ಮೆಕಿನ್ಲಿ ಎಂದು ಕರೆಯುತ್ತಿದ್ದ ರಾಷ್ಟ್ರೀಯ ಉದ್ಯಾನದಲ್ಲಿ ಡಾಲ್ ಎಂಬ ಬಿಳಿ ಕಾಡುಕುರಿಗಳಿವೆ. ತೋಳಗಳು ಆ ಕುರಿಗಳನ್ನು ಮುಗಿಸಿಬಿಡುತ್ತಿವೆ, ತೋಳಗಳನ್ನು ಕೊಲ್ಲಬೇಕು ಎಂಬ ಕೂಗು ಎದ್ದಿತ್ತು. ನಿಜ ಏನೆಂದು ನೋಡಿ ಬರಲು 1939ರಲ್ಲಿ ಅಡಾಲ್ಫ್ ಮ್ಯೂರಿ ಎಂಬ ಜೀವವಿಜ್ಞಾನಿಯನ್ನು ಕಳಿಸಿದರು. ಅವರು ಗುಡ್ಡ ಗುಡ್ಡ ನಡೆದು, ಸತ್ತ ಕಾಡುಕುರಿಗಳ 800ಕ್ಕೂ ಹೆಚ್ಚು ತಲೆಬುರುಡೆ ಕೂಡಿಹಾಕಿದರು. ಕೊಂಬಿನ ಉಂಗುರ ಎಣಿಸಿ ಒಂದೊಂದರ ವಯಸ್ಸು ಲೆಕ್ಕ ಹಾಕಿದರು. ಹಲ್ಲು, ದವಡೆ ನೋಡಿ ರೋಗ ಗುರುತಿಸಿದರು. ಸತ್ತವುಗಳಲ್ಲಿ ಬಹುಪಾಲು ಎಳೆಯವು, ಮುದಿಯಾದವು ಅಥವಾ ರೋಗದವು. ಗಟ್ಟಿಮುಟ್ಟಾದ ನಡುವಯಸ್ಸಿನ ಕುರಿ ಬಹಳ ಕಡಿಮೆ. ತೋಳದ ಗವಿಯ ಎದುರಿಗೂ ಅವರು ದಿನಗಟ್ಟಲೆ ಕುಳಿತು ನೋಡಿದರು. 1944ರಲ್ಲಿ ಅವರ ಪುಸ್ತಕ ಬಂತು. ಕಾಡಿನಲ್ಲಿರುವ ತೋಳವನ್ನು ಕುಳಿತು ನೋಡಿ ಬರೆದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅದೂ ಒಂದು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕುರಿ ಕಾಡುಕುರಿಯಲ್ಲ. ಅದಕ್ಕೆ ಓಡಿ ತಪ್ಪಿಸಿಕೊಳ್ಳಲು ಬೆಟ್ಟವಿಲ್ಲ. ತೋಳ ಬಂದರೆ ಗಟ್ಟಿ ಕುರಿಯನ್ನೂ ಒಯ್ಯುತ್ತದೆ, ಹಟ್ಟಿಯೊಳಗೆ ನುಗ್ಗಿದರೆ ಒಮ್ಮೊಮ್ಮೆ ಒಂದಕ್ಕಿಂತ ಹೆಚ್ಚು ಕೊಲ್ಲುತ್ತದೆ. ಕುರಿಗಾಹಿಯ ನಷ್ಟ ಸುಳ್ಳಲ್ಲ. ಕುರುಬನ ಮಗನಾಗಿ ನಾನು ಅದನ್ನು ಮರೆತು ಮಾತಾಡುವುದಿಲ್ಲ.

ಈಗ ರಾಜನ ಕಥೆಗೆ ಬರೋಣ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಒಂದು ಪ್ರಬಂಧ ಬರೆದರು. ಬಾಸೆಲ್ ಊರಿನ ಪ್ರಾಣಿ ಸಂಗ್ರಹಾಲಯದ ತೋಳಗಳನ್ನು ಅವರು ನೋಡಿದ್ದರು. ಸಣ್ಣ ಆವರಣ, ಓಡಿಹೋಗಲು ಜಾಗವಿಲ್ಲ. ತೋಳಗಳು ಒಂದಕ್ಕೊಂದು ಹಲ್ಲು ಕಿರಿದು ಕಚ್ಚಾಡಿದವು. ಗೆದ್ದದ್ದು ಒಡೆಯ, ಉಳಿದವು ಆಳು. ತೋಳದ ಹಿಂಡಿಗೆ ಒಬ್ಬ ಸರದಾರ ಇರುತ್ತಾನೆ, ಅವನನ್ನು ಆಲ್ಫಾ ಎನ್ನಬೇಕು ಎಂಬ ಮಾತು ಅಲ್ಲಿಂದ ಬೆಳೆಯಿತು. ಅಮೆರಿಕದ ಡೇವಿಡ್ ಮೆಕ್ ಎಂಬ ವಿಜ್ಞಾನಿ 1970ರಲ್ಲಿ ತೋಳದ ಮೇಲೆ ಬರೆದ ಪುಸ್ತಕ ಬಹಳ ಹೆಸರು ಮಾಡಿತು. ಆ ಪುಸ್ತಕದಲ್ಲೂ ಇದೇ ಮಾತಿತ್ತು. ಈಗ ಮೊಬೈಲಿನಲ್ಲಿ "ಆಲ್ಫಾ ಆಗು" ಎಂದು ಹುಡುಗರಿಗೆ ಉಪದೇಶ ಮಾಡುವ ವಿಡಿಯೊ ಬರುತ್ತವಲ್ಲ, ಅದರ ಬೇರು ಇಲ್ಲಿದೆ.

ಆದರೆ ಮೆಕ್ ಪುಸ್ತಕ ಬರೆದು ಸುಮ್ಮನಾಗಲಿಲ್ಲ. 1986ರಿಂದ ಅವರು ಪ್ರತಿ ಬೇಸಿಗೆ ಉತ್ತರ ಧ್ರುವದ ಹತ್ತಿರ, ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಅಲ್ಲಿಯ ತೋಳಗಳಿಗೆ ಮನುಷ್ಯನ ಭಯ ಕಡಿಮೆ. ಅವುಗಳ ಹತ್ತಿರವೇ ಕುಳಿತು ವರ್ಷಗಟ್ಟಲೆ ನೋಡಿದಾಗ ಕಂಡದ್ದು ಬೇರೆಯೇ. ಹಿಂಡು ಎಂದರೆ ಅಪ್ಪ, ಅವ್ವ, ಈ ವರ್ಷದ ಮರಿ, ಹಿಂದಿನ ವರ್ಷದ ಮಕ್ಕಳು. ಅಷ್ಟೇ. ಯಾರೂ ಯಾರನ್ನೂ ಗೆದ್ದು ಸರದಾರ ಆಗಿರಲಿಲ್ಲ. ಹೆತ್ತವರಾದ್ದರಿಂದ ಮುಂದಾಳು ಆಗಿದ್ದರು. ಬೆಳೆದ ಮಕ್ಕಳು ಒಂದೆರಡು ವರ್ಷ ಇದ್ದು, ತಮ್ಮ ತಂಗಿಯರನ್ನು ನೋಡಿಕೊಂಡು, ಆಮೇಲೆ ಜೋಡಿ ಹುಡುಕಿಕೊಂಡು ಬೇರೆ ಸೀಮೆಗೆ ಹೋಗುತ್ತಿದ್ದವು. 1999ರಲ್ಲಿ ಮೆಕ್ ಇದನ್ನು ಪ್ರಬಂಧವಾಗಿ ಬರೆದು, ಕಾಡಿನ ತೋಳದ ಕುಟುಂಬಕ್ಕೆ ಆಲ್ಫಾ ಎಂಬ ಪದ ಹೊಂದುವುದಿಲ್ಲ ಅಂದರು. ತಮ್ಮ ಹಳೆಯ ಪುಸ್ತಕ ಅಚ್ಚು ಹಾಕುವುದನ್ನು ನಿಲ್ಲಿಸಿ ಎಂದು ಪ್ರಕಾಶಕರನ್ನು ವರ್ಷಗಟ್ಟಲೆ ಕೇಳಿಕೊಂಡರು. ಮಕ್ಕಳೇ, ಮಾರಾಟವಾಗುತ್ತಿರುವ ಸ್ವಂತ ಪುಸ್ತಕವನ್ನು ನಿಲ್ಲಿಸಿ ಎನ್ನುವವರು ಎಷ್ಟು ಜನ ಸಿಗುತ್ತಾರೆ, ಯೋಚನೆ ಮಾಡಿ.

ಶೆಂಕೆಲ್ ಸುಳ್ಳು ಬರೆದಿರಲಿಲ್ಲ. ಅವರು ಕಂಡದ್ದನ್ನೇ ಬರೆದರು. ಆದರೆ ಕಂಡದ್ದು ಕೂಡಿಹಾಕಿದ ತೋಳವನ್ನು. ಊರು ಕೇರಿ ಬೇರೆ ಬೇರೆಯಾದ ಹತ್ತು ಜನರನ್ನು ಒಂದು ಕೋಣೆಯಲ್ಲಿ ಹಾಕಿ ಬೀಗ ಜಡಿದು, ಮನುಷ್ಯರ ಸಂಸಾರ ಹೀಗೇ ಇರುತ್ತದೆ ಎಂದು ಬರೆದರೆ ಒಪ್ಪುತ್ತೀರಾ? ಏನು ಕಂಡೆ ಎಂಬುದರ ಜೊತೆ ಎಲ್ಲಿ ನಿಂತು ಕಂಡೆ ಎಂಬುದನ್ನೂ ಬರೆಯಬೇಕು.

ಈಗ ನನ್ನ ನೋಟುಬುಕ್ಕಿಗೆ ಬನ್ನಿ. ನಾನು ರಾಜ ಎಂದು ಬರೆದದ್ದು ಆ ಮರಿಗಳ ಅಪ್ಪ. ದೂರ ಕುಳಿತ ರಾಣಿ ಅವುಗಳ ಅವ್ವ. ಸೇವಕ ಎಂದು ಬರೆದದ್ದು ಹಿಂದಿನ ವರ್ಷದ ಮಗನೋ ಮಗಳೋ ಇರಬೇಕು. ಹಿರಿಯರು ದುಡಿಯಲು ಹೋದಾಗ ಅದು ಮನೆ ಕಾಯುತ್ತಿತ್ತು. ನಮ್ಮ ಹಟ್ಟಿಯಲ್ಲಿ ಅವ್ವ ಅಪ್ಪ ಕುರಿ ಹೊಡೆದುಕೊಂಡು ಹೋದಾಗ ನನ್ನ ಅಕ್ಕ ನಮ್ಮನ್ನು ನೋಡಿಕೊಂಡ ಹಾಗೆ. ನಾನು ಒಂದು ಮನೆತನವನ್ನು ನೋಡಿ ರಾಜನ ಕಥೆ ಬರೆದಿದ್ದೆ. ರಾಜ ಎಂಬುದು ಕೇಳಿದ ಪುಟಕ್ಕೆ ಸೇರಬೇಕಾದ ಪದ.

ನಮ್ಮ ದೇಶದ ತೋಳದ ವಿಚಾರ ಒಂದೆರಡು ಮಾತು. ನಮ್ಮದು ಹಿಮದ ನಾಡಿನ ತೋಳಕ್ಕಿಂತ ಸಣ್ಣದು, ಸುಮಾರು 20 ಕಿಲೋ ತೂಗುತ್ತದೆ. ದಟ್ಟ ಕಾಡು ಅದಕ್ಕೆ ಬೇಡ, ಹುಲ್ಲು ಬಯಲು, ಕುರುಚಲು ಗಿಡ, ಹಳ್ಳದ ದಂಡೆ ಬೇಕು. ಬ್ರಿಟಿಷರ ಕಾಲದಲ್ಲಿ ತೋಳ ಕೊಂದವರಿಗೆ ಇನಾಮು ಕೊಡುತ್ತಿದ್ದರು. 1875ರಿಂದ 1925ರವರೆಗೆ ಸುಮಾರು 2 ಲಕ್ಷ ತೋಳ ಸತ್ತಿರಬೇಕು ಎಂದು ಇತಿಹಾಸಕಾರ ಮಹೇಶ್ ರಂಗರಾಜನ್ ಲೆಕ್ಕ ಹಾಕಿದ್ದಾರೆ. ಈಗ ಇಡೀ ದೇಶದಲ್ಲಿ ಉಳಿದಿರುವುದು ಎರಡು ಮೂರು ಸಾವಿರ ಎಂಬ ಅಂದಾಜಿದೆ. 2004ರಲ್ಲೂ ಮತ್ತೆ 2021ರಲ್ಲೂ ವಂಶವಾಹಿ ಪರೀಕ್ಷೆಯ ಫಲಿತಾಂಶಗಳು ಬಂದವು. ಜಗತ್ತಿನ ಬೂದು ತೋಳಗಳಲ್ಲಿ ಭಾರತದ ತೋಳದ ವಂಶ ಬಹಳ ಹಿಂದೆಯೇ ಬೇರೆಯಾದ, ಬಹಳ ಹಳೆಯ ವಂಶ ಎಂದು ಅವು ತಿಳಿಸಿದವು. ನಮ್ಮ ಹಳ್ಳದ ದಂಡೆಯಲ್ಲಿ ನಾವು ಕಲ್ಲು ಹೊಡೆದದ್ದು ಅಂಥ ವಂಶದ ಮರಿಗಳಿಗೆ.

ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ವೇಳಾವದರ ಎಂಬ ಹುಲ್ಲುಗಾವಲಿದೆ, ಚಿಗರಿಗಳಿಗಾಗಿ ಕಾಯ್ದಿಟ್ಟ ರಾಷ್ಟ್ರೀಯ ಉದ್ಯಾನ. ಅಲ್ಲಿ ವೈ.ವಿ. ಝಾಲಾ ಅವರು ತೋಳ ಮತ್ತು ಚಿಗರಿಗಳ ಸಂಬಂಧವನ್ನು ವರ್ಷಗಟ್ಟಲೆ ನೋಡಿದರು. ತೋಳ ಏನು ತಿಂದಿದೆ ಎಂದು ತಿಳಿಯಲು ಅದರ ಲದ್ದಿಯನ್ನು ಜರಡಿಯಲ್ಲಿ ತೊಳೆಯುತ್ತಾರೆ. ಉಳಿದ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರೆ ಇದು ಚಿಗರಿಯದು, ಇದು ಕುರಿಯದು, ಇದು ಮೊಲದ್ದು ಎಂದು ಗೊತ್ತಾಗುತ್ತದೆ. ಅಸಹ್ಯಪಡಬೇಡಿ, ನಮ್ಮ ಶಾಲೆಯ ಪ್ರಯೋಗಾಲಯದಲ್ಲಿರುವ ಸೂಕ್ಷ್ಮದರ್ಶಕದಲ್ಲೂ ಕೂದಲಿನ ರಚನೆ ಕಾಣುತ್ತದೆ. ಇನ್ನೊಂದು ಸಂಗತಿ: ವೇಳಾವದರದ ತೋಳಗಳು ಮರಿ ಹಾಕಲು, ಹಗಲು ಅಡಗಲು ಬಳ್ಳಾರಿ ಜಾಲಿಯ ಪೊದೆಗಳನ್ನು ಬಳಸುತ್ತಿದ್ದವು. ನಾವು ಶಾಪ ಹಾಕುವ ಆ ಜಾಲಿ ಹುಲ್ಲನ್ನು ನುಂಗುವುದೂ ನಿಜ, ತೋಳಕ್ಕೆ ಮರೆ ಕೊಟ್ಟದ್ದೂ ನಿಜ.

ನಮ್ಮ ರಾಜ್ಯದಲ್ಲಿ ತೋಳಕ್ಕಾಗಿಯೇ 1974ರಲ್ಲಿ ಮೇಲುಕೋಟೆಯಲ್ಲಿ ಅಭಯಾರಣ್ಯವಾಯಿತು. ಈಗ ನಮ್ಮದೇ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಧಾಮವಾಗಿದೆ. ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಲೆಕ್ಕ ಮಾಡಿ ನೋಡಿ. ಅದು ಬಹಳ ಸಣ್ಣ ಜಾಗ.  ಒಂದು ತೋಳದ ಕುಟುಂಬ ತಿರುಗುವ ಸೀಮೆ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಧಾಮದಲ್ಲಿ ಹುಟ್ಟಿದ ಮರಿ ಬೆಳೆದ ಮೇಲೆ ಎಲ್ಲಿಗೆ ಹೋಗಬೇಕು? ನಮ್ಮ ಹೊಲಕ್ಕೆ, ನಮ್ಮ ಗಾಯರಾಣಕ್ಕೆ, ನಮ್ಮ ಕುರಿಹಟ್ಟಿಯ ಪಕ್ಕಕ್ಕೆ ಬರುತ್ತದೆ. ತೋಳ ಉಳಿಯುವುದೂ ಅಳಿಯುವುದೂ ಬೇಲಿಯ ಹೊರಗೆ, ನಮ್ಮಂಥವರ ಕೈಯಲ್ಲಿ.

ಹೋದ ತಿಂಗಳು ಊರಿಗೆ ಬಂದಾಗ ಹಳ್ಳದ ಮಣ್ಣಿನಲ್ಲಿ ಹೆಜ್ಜೆ ಕಂಡೆ. ಒಂದೇ ಸಾಲಿನಲ್ಲಿ, ನೆಟ್ಟಗೆ ಗುರಿಯಿಟ್ಟು ನಡೆದ ಹೆಜ್ಜೆ. ಮುಂಗಾಲು ಊರಿದ ಗುರುತಿನ ಮೇಲೇ ಹಿಂಗಾಲು ಬಿದ್ದಿತ್ತು. ತೋಳ ಮತ್ತೆ ಬಂದಿದೆ. ಆದ್ದರಿಂದ ಊರಿನ ಹಿರಿಯರಲ್ಲಿ ಮೂರು ಬಿನ್ನಹ.

ಮೊದಲನೆಯದು, ಗವಿ ಕಂಡರೆ ದೂರದಿಂದ ನೋಡಿ ಸುಮ್ಮನೆ ಬನ್ನಿ. ಮೊಬೈಲು ಹಿಡಿದು ಗುಂಪಾಗಿ ಹೋಗಬೇಡಿ. ಜನ ಕಂಡರೆ ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ, ಆ ಅವಸರದಲ್ಲಿ ಮರಿ ಸಾಯಬಹುದು. ಕಾನೂನಿನಲ್ಲೂ ತೋಳ ಮೊದಲನೇ ಪಟ್ಟಿಯ ಪ್ರಾಣಿ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ.

ಎರಡನೆಯದು ನಾಯಿಗಳ ವಿಷಯ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. ಅಲ್ಲಿ 1958ರಿಂದ ಇಂದಿನವರೆಗೆ ತೋಳಗಳ ಲೆಕ್ಕ ಇಡುತ್ತಾ ಬಂದಿದ್ದಾರೆ. 1980ರಲ್ಲಿ 50 ತೋಳಗಳಿದ್ದವು, ಎರಡೇ ವರ್ಷದಲ್ಲಿ 14ಕ್ಕೆ ಇಳಿದವು. ಯಾರೂ ಗುಂಡು ಹೊಡೆದಿರಲಿಲ್ಲ. ಹೊರಗಿನಿಂದ ಬಂದ ನಾಯಿಯಿಂದ ಪಾರ್ವೊ ಎಂಬ ರೋಗ ಹರಡಿತ್ತು. ಪುಣೆಯ ಹತ್ತಿರ ತೋಳ ನಾಯಿಯ ಜೊತೆ ಕೂಡಿ ಬೆರಕೆ ಮರಿ ಹುಟ್ಟಿದ್ದೂ ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಸತ್ತ ದನವನ್ನು ಊರ ಹೊರಗೆ ಒಗೆಯುವುದನ್ನು ಬಿಟ್ಟು ಹೂಳಿದರೆ, ನಾಯಿಗಳಿಗೆ ಲಸಿಕೆ ಹಾಕಿಸಿದರೆ, ತೋಳಕ್ಕೂ ಒಳ್ಳೆಯದು, ನಮ್ಮ ಕುರಿಮರಿಗೂ ಒಳ್ಳೆಯದು, ಈ ಮಕ್ಕಳಿಗೂ ಒಳ್ಳೆಯದು.

ಮೂರನೆಯದು ಗಾಯರಾಣ. ಕಾಗದದಲ್ಲಿ ಅದನ್ನು ಬೀಳು ಎಂದು ಬರೆಯುತ್ತಾರೆ. ಅದನ್ನು ಯಾವುದಕ್ಕಾದರೂ ಕೊಡುವ ಮಾತು ಗ್ರಾಮಸಭೆಗೆ ಬಂದಾಗ, ಬೇಡ ಎನ್ನಿ ಎಂದು ನಾನು ಹೇಳುವುದಿಲ್ಲ. ಅದು ನಿಮ್ಮ ಅಧಿಕಾರ. ಆದರೆ ಅಲ್ಲಿ ಏನೂ ಇಲ್ಲ ಎಂದು ಹೇಳುವ ಮೊದಲು ಒಮ್ಮೆ ನಡೆದು ನೋಡಿ. ಚಿಗರಿ, ಮೊಲ, ನೆಲದ ಹಕ್ಕಿ, ನಮ್ಮ ಕುರಿಯ ಮೇವು ಎಲ್ಲ ಅಲ್ಲೇ ಇದೆ.

ಶಾಲೆಗೆ ಒಂದು ಕೋರಿಕೆ. ಒಂದು ವಹಿ ಇಡಿ. ಯಾರದಾದರೂ ಕುರಿ ಸತ್ತರೆ ಮಕ್ಕಳು ದೊಡ್ಡವರ ಜೊತೆ ಹೋಗಿ ತಾರೀಖು, ಜಾಗ, ಗಾಯ ಎಲ್ಲಿ, ಹೆಜ್ಜೆ ಹೇಗಿದೆ ಎಂದು ಎಡಪುಟದಲ್ಲಿ ಬರೆಯಲಿ. ಜನ ಏನಂದರು ಎಂಬುದನ್ನು ಬಲಪುಟದಲ್ಲಿ ಬರೆಯಲಿ. ಪರಿಹಾರ ಕೇಳುವ ಕುರಿಗಾಹಿಗೂ ಅದು ನೆರವಾಗುತ್ತದೆ. ಹತ್ತು ವರ್ಷ ಬರೆದರೆ ಅದೇ ಒಂದು ಸಂಶೋಧನೆ.

ಅವತ್ತು ರಾತ್ರಿ ಅಪ್ಪ ನನಗೆ ಹೇಳಿದ ಮಾತೊಂದು ಉಳಿದಿದೆ. ಅಪ್ಪ ಓದಿದವನಲ್ಲ. ಕಲ್ಲು ಹಿಡಿದು ಹೋದವರ ಜೊತೆ ಅವನು ಹೋಗಿರಲಿಲ್ಲ. "ನಮ್ಮ ಮುತ್ಯಾ ವರ್ಷಕ್ಕ ಒಂದು ಮರಿ ತ್ವಾಳದ ಪಾಲು ಅಂತಿದ್ದ. ಅದು ತನ್ನ ಪಾಲು ತಗೊಂಡ್ರ ನನಗ ಹೊಟ್ಟಿ ಉರಿತೈತಿ, ಖರೆ. ಆದ್ರ ಮಕ್ಕಳನ್ನ ಹೊಗಿ ಹಾಕಿ ಕೊಲ್ಲೂದು ಬ್ಯಾರೆ ಮಾತು" ಅಂದ. ಆಮೇಲೆ ಒಂದು ವಾರ, ಕತ್ತಲಾದ ಮೇಲೆ ಹಳ್ಳದ ಕಡೆಯಿಂದ ಊಳಿಡುವ ದನಿ ಬರುತ್ತಿತ್ತು. ಆ ವಾರದ ಪುಟವೂ ಇದರಲ್ಲಿದೆ. "ರಾತ್ರಿ ಎಂಟು ಗಂಟೆ. ಎರಡು ದನಿ." ಮರುದಿನ, "ಎರಡು ದನಿ." ಕೊನೆಯ ದಿನ, "ದನಿ ಇಲ್ಲ." ಅದನ್ನು ಕಂಡ ಪುಟದಲ್ಲಿ ಬರೆಯಬೇಕೋ ಕೇಳಿದ ಪುಟದಲ್ಲಿ ಬರೆಯಬೇಕೋ ತಿಳಿಯದೆ ಮಾಸ್ತರ್ರನ್ನು ಕೇಳಿದ್ದೆ. ಅವರು, "ನಿನ್ನ ಕಿವಿಲೇ ಕೇಳಿದ್ದು ಕಂಡದ್ದೇ, ತಮ್ಮಾ" ಅಂದಿದ್ದರು.

ಮಾಸ್ತರ್ರು ಈಗ ನಮ್ಮೊಡನಿಲ್ಲ. ಈ ನೋಟುಬುಕ್ಕನ್ನು ನಾನು ಇವತ್ತು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ಇನ್ನೂ 61 ಪುಟ ಖಾಲಿ ಇವೆ. ನಮ್ಮ ಶಾಲೆ ನೂರು ವರ್ಷ ಬಾಳಲಿ.